ಕೆಂಡಮ್ಮನ ಒಂಟಿ ಯಂತ್ರ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಎಲ್ಲೂ ಯಾರೂ ಬಳಸುತ್ತಿರಲಿಲ್ಲ. ಎದುರಿಗೆ ಎಲ್ಲರೂ ಮೇಡಂ ಎನ್ನುವವರೇ, ಬೆನ್ನು ತಿರುಗಿಸಿದರೆ ಕೆಂಡಮ್ಮ. ಅದು ಅವಳಿಗೂ ಗೊತ್ತಿತ್ತು. ಒಂದು ದಿನ ಟಪಾಲಿನ ಗುಮಾಸ್ತ ಬಾಯಿ ತಪ್ಪಿ "ಕೆಂಡಮ್ಮ ಮೇಡಂ" ಎಂದುಬಿಟ್ಟು, ಮುಖ ಬಿಳಿಚಿಕೊಂಡು ನಿಂತಾಗ, "ಏನೀಗ? ಮುಟ್ಟಿದ್ರೆ ಸುಡುತ್ತೆ ಅಂತ ಗೊತ್ತಿರೋದು ಒಳ್ಳೇದೇ. ಕಾಗದ ಅಲ್ಲಿಟ್ಟು ಹೋಗಿ" ಎಂದಿದ್ದಳು.

ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿ ನಕ್ಷೆ ವಿಭಾಗ. ಯಾವ ಬೀದಿಯ ಅಡಿಯಲ್ಲಿ ಯಾವ ಕೊಳವೆ, ಎಷ್ಟು ಆಳಕ್ಕೆ, ಅದನ್ನು ಮುಚ್ಚುವ ವಾಲ್ವು ಯಾವ ಮೂಲೆಯಲ್ಲಿ, ಎಲ್ಲವೂ ಅಲ್ಲಿನ ಒಂದು ಹಳೆಯ ಯುನಿಕ್ಸ್ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಸೊಂಟದೆತ್ತರದ, ಹಳದಿಗಟ್ಟಿದ ಪೆಟ್ಟಿಗೆ. ಎಲ್ಲರೂ ಅದನ್ನು ತಾತ ಎಂದೇ ಕರೆಯುತ್ತಿದ್ದರು, ಅದರೊಳಗೆ ಬರೆದಿದ್ದ ಹೆಸರೂ ಅದೇ. ಕಚೇರಿಯ ಉಳಿದ ನೂರಾರು ಕಂಪ್ಯೂಟರುಗಳು ಒಂದಕ್ಕೊಂದು ಕೈ ಹಿಡಿದುಕೊಂಡು ನೆಟ್‌ವರ್ಕಿನಲ್ಲಿದ್ದರೆ, ತಾತ ಮಾತ್ರ ಒಂಟಿ. ಪಕ್ಕದ ಕೋಣೆಯಲ್ಲಿದ್ದ ದೊಡ್ಡ ಪ್ಲಾಟರಿಗೆ, ಅಂದರೆ ಮಂಚದಗಲದ ಹಾಳೆಯ ಮೇಲೆ ನಕ್ಷೆ ಬರೆಯುವ ಯಂತ್ರಕ್ಕೆ, ಗೋಡೆಯಲ್ಲಿ ತೂತು ಕೊರೆದು ಎಳೆದ ಒಂದೇ ಒಂದು ವೈರು. ಅದು ಬಿಟ್ಟರೆ ಹೊರಗಿನ ಪ್ರಪಂಚದ ಜೊತೆ ತಾತನಿಗೆ ಮಾತಿಲ್ಲ ಕತೆಯಿಲ್ಲ. ನಕ್ಷೆಯ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ, ಅದು ಬೇರೆ ಯಾವ ಯಂತ್ರದಲ್ಲೂ ಓಡದು. ಕಚೇರಿಯ ಕಂಪ್ಯೂಟರ್ ವಿಭಾಗದವರು ಬಂದು ನೋಡಿ, ನಕ್ಕು, "ಇದರ ಉಸಾಬರಿ ನಮಗೆ ಬೇಡಪ್ಪ" ಎಂದು ಕೈ ತೊಳೆದುಕೊಂಡಿದ್ದರು. ಹಾಗಾಗಿ ಅದು ಕೆಂಡಮ್ಮನ ಪಾಲಿಗೆ ಬಿದ್ದಿತ್ತು.

ಬಿದ್ದಿತ್ತು ಅಂದೆನೇ? ಅಲ್ಲ, ಅವಳೇ ಕಿತ್ತುಕೊಂಡಿದ್ದಳು. ಇಪ್ಪತ್ತೆರಡನೇ ವಯಸ್ಸಿಗೆ ಅವಳು ಈ ಕಚೇರಿಗೆ ಸೇರಿದ್ದು ಪಾರದರ್ಶಕ ಹಾಳೆಯ ಮೇಲೆ ಶಾಯಿಯಿಂದ ಕೊಳವೆ ಗೆರೆ ಎಳೆಯುವ ಕೆಲಸಕ್ಕೆ. ಯಂತ್ರ ಬಂದ ದಿನ ಅದರ ಜೊತೆ ಇಂಗ್ಲಿಷಿನ ನಾಲ್ಕು ದಪ್ಪ ಪುಸ್ತಕಗಳು ಬಂದವು. ಎಲ್ಲರೂ ಅವನ್ನು ನೋಡಿ ಹಿಂದೆ ಸರಿದರು. ಕೆಂಡಮ್ಮ ಒಂದನ್ನು ಎತ್ತಿಕೊಂಡಾಗ ಆಗಿನ ಇಂಜಿನಿಯರು ಎಲ್ಲರೆದುರು, "ಬಿಡಮ್ಮ, ಹೆಂಗಸರಿಗೆ ಇದೆಲ್ಲ ತಲೆಗೆ ಹತ್ತೋದಿಲ್ಲ" ಎಂದುಬಿಟ್ಟ. ಅಷ್ಟೇ ಸಾಕಾಯಿತು ನೋಡಿ! ಪಿತ್ತ ನೆತ್ತಿಗೇರಿತು. ನಾಲ್ಕೂ ಪುಸ್ತಕಗಳನ್ನು ಮನೆಗೆ ಹೊತ್ತಳು. ಅಡುಗೆಮನೆಯಲ್ಲಿ ಒಂದು, ಮಂಚದ ಪಕ್ಕ ಒಂದು, ಬಸ್ಸಿನಲ್ಲಿ ಒಂದು. ಮೂರು ತಿಂಗಳಿಗೆ ಆ ಇಂಜಿನಿಯರೇ ಅವಳ ಕುರ್ಚಿಯ ಹಿಂದೆ ಬಂದು ನಿಂತು, "ಒಂದು ಹಾಳೆ ತೆಗೆದುಕೊಡಮ್ಮ" ಎಂದು ಕೇಳುವಂತಾಯಿತು. "ನನಗೆ ಕೋಪ ಬರದೇ ಹೋಗಿದ್ರೆ ಈ ಕಚೇರಿಯವರು ನನ್ನನ್ನ ನುಂಗಿ ನೀರು ಕುಡಿದುಬಿಡ್ತಿದ್ರು" ಎಂದು ಅವಳು ಹೇಳುತ್ತಿದ್ದಳು. ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಗಂಡ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, "ಸರಿ ಕಣೇ, ಆದ್ರೆ ಕಚೇರಿಯವರ ಮೇಲಿನ ಕೋಪಾನ ಸಾರಿನ ಪಾತ್ರೆ ಮೇಲೆ ಯಾಕೆ ತೀರಿಸ್ಕೋತೀಯ?" ಎನ್ನುತ್ತಿದ್ದ.

ತಾತನ ಪೆಟ್ಟಿಗೆಯ ಮೇಲೆ ಒಂದು ರಟ್ಟು ಅಂಟಿಸಿದ್ದಳು. ಯಂತ್ರ ಎಷ್ಟು ದಿನದಿಂದ ಒಮ್ಮೆಯೂ ಆಫ್ ಆಗದೆ ಓಡುತ್ತಿದೆ ಎನ್ನುವ ಲೆಕ್ಕ ಅದರಲ್ಲಿ. ದಿನಾ ಬೆಳಿಗ್ಗೆ ಬ್ಯಾಗು ಇಟ್ಟವಳೇ ಹಳೇ ಸಂಖ್ಯೆ ಅಳಿಸಿ ಹೊಸದು ಬರೆಯುತ್ತಿದ್ದಳು. ಒಂದು ಸಾವಿರ ದಾಟಿದ ದಿನ ಇಡೀ ವಿಭಾಗಕ್ಕೆ ಬಿಸ್ಕೆಟ್ ಹಂಚಿದ್ದಳು. ಕಂಪ್ಯೂಟರ್ ವಿಭಾಗದವರ ಹೊಸ ಯಂತ್ರಗಳು ವಾರಕ್ಕೊಮ್ಮೆ ಮಲಗೇಳುವಾಗ, ಅವರು ಇವಳ ಬಾಗಿಲ ಮುಂದೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಆ ರಟ್ಟನ್ನು ಒರೆಸುತ್ತಾ ನಿಲ್ಲುತ್ತಿದ್ದಳು. ಹೊಟ್ಟೆ ಉರಿದುಕೊಳ್ಳಲಿ ಅಂತಲೇ!

ಆ ಸೋಮವಾರ ರಟ್ಟಿನ ಮೇಲಿದ್ದ ಸಂಖ್ಯೆ ಸಾವಿರದ ನೂರ ಇಪ್ಪತ್ತಮೂರು. ಅದು ಶುಕ್ರವಾರ ಬರೆದದ್ದು. ಮೂರು ಸೇರಿಸಬೇಕೆಂದು ಒಳಗೆ ಬಂದವಳಿಗೆ ತಾತನ ಪರದೆ ಕಂಡಿತು. ಯಂತ್ರ ಹೊಸದಾಗಿ ಶುರುವಾಗುವಾಗ ಬರುವ ಸಾಲುಗಳು ಅರ್ಧಕ್ಕೆ ಬಂದು ನಿಂತಿದ್ದವು. ಕೊನೆಯ ಸಾಲು ನೆಟ್‌ವರ್ಕ್ ಶುರುವಾಗುತ್ತಿದೆ ಎನ್ನುವುದು. ಅದರ ಮುಂದೆ ಒಂದು ಬಿಳಿ ಚೌಕ ಮಿಣಕ್ ಮಿಣಕ್ ಎನ್ನುತ್ತಿತ್ತು. ಹತ್ತು ನಿಮಿಷ ಕಾದಳು. ಇನ್ನೊಂದು ಸಾಲು ಬಂತು. ಮತ್ತೆ ಹತ್ತು ನಿಮಿಷ. ಕೊನೆಗೆ ನಕ್ಷೆಯ ಸಾಫ್ಟ್‌ವೇರ್, ನೆಟ್‌ವರ್ಕಿನಲ್ಲಿ ಯಾರೂ ಸಿಗುತ್ತಿಲ್ಲ ಎಂದು ಎರಡು ಸಾಲು ಬರೆದು ಕೈಯೆತ್ತಿಬಿಟ್ಟಿತು.

ಸಾವಿರದ ನೂರ ಇಪ್ಪತ್ತಾರು ದಿನ! ಯಾರೋ ಯಂತ್ರವನ್ನು ಆರಿಸಿ ಹಾಕಿದ್ದಾರೆ. ಅವಳ ಮೈಯೆಲ್ಲ ಉರಿದುಹೋಯಿತು. ನೆಲ ನೋಡಿದಳು, ಇನ್ನೂ ಒದ್ದೆ. ಆ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳ ಹತ್ತಿರ, ಇನ್ನೊಂದು ನೆಲ ಒರೆಸುವ ಸಣ್ಣಕ್ಕನ ಹತ್ತಿರ.

ಸಣ್ಣಕ್ಕ ಎನ್ನುವುದೂ ಕಚೇರಿ ಇಟ್ಟ ಹೆಸರೇ. ಬಕೆಟ್ಟಿಗಿಂತ ಸ್ವಲ್ಪ ಎತ್ತರ ಇದ್ದಾಳೆ ಎಂದು ಯಾರೋ ಮಾಡಿದ ತಮಾಷೆ ಹಾಗೇ ಅಂಟಿಕೊಂಡಿತ್ತು. ಗುತ್ತಿಗೆದಾರನ ಕಡೆಯ ಕೆಲಸದವಳು. ಒಂಬತ್ತು ವರ್ಷ ನಾಲ್ಕು ತಿಂಗಳಿಂದ ಒಂದು ದಿನವೂ ಬಿಡದೆ ಬಂದಿದ್ದಾಳೆ. ಒಂದೇ ಕಚೇರಿಯಲ್ಲಿ ನಡುವೆ ಬಿಡುವಿಲ್ಲದೆ ಹತ್ತು ವರ್ಷ ದುಡಿದರೆ ಕಚೇರಿಯೇ ಕಾಯಂ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. ಅದಕ್ಕಾಗಿ ಅವಳು ಜ್ವರವಿದ್ದಾಗಲೂ ಬಂದು ಒರೆಸಿ ಹೋಗುವುದನ್ನು ಕೆಂಡಮ್ಮ ಕಂಡಿದ್ದಳು. ಇನ್ನು ಎಂಟು ತಿಂಗಳು.

ಕೆಂಡಮ್ಮ ಓಣಿಗೆ ಬಂದು ನಿಂತು ಕೂಗಿದಳು. "ಸಣ್ಣಕ್ಕಾ! ಬಾ ಇಲ್ಲಿ! ಏನ್ ಮಾಡಿದ್ದೀಯ ನೋಡು ಬಾ!"

ಮೆಟ್ಟಿಲ ಬಳಿ ಬಕೆಟ್ ಇಟ್ಟು ಸಣ್ಣಕ್ಕ ಓಡಿ ಬಂದಳು. "ಏನಾಯ್ತು ಮೇಡಂ?"

"ಏನಾಯ್ತಾ? ಪ್ಲಗ್ ಕಿತ್ತಿದ್ದೀಯ! ಕಿತ್ತು, ಗೊತ್ತಾಗಬಾರದು ಅಂತ ಮತ್ತೆ ಸಿಕ್ಕಿಸಿದ್ದೀಯ. ನೆಟ್‌ವರ್ಕ್ ವೈರೂ ಎಳೆದು ಹಾಳು ಮಾಡಿದ್ದೀಯ. ಕಣ್ಣು ನೆತ್ತಿ ಮೇಲಿತ್ತಾ?"

"ನಾನು ಮುಟ್ಟಿಲ್ಲ ಮೇಡಂ. ನಾನು ಬಂದಾಗ್ಲೇ ಅದು ಹಂಗೇ ಇತ್ತು."

"ಹಂಗೇ ಇತ್ತಂತೆ! ತಾನಾಗೇ ಎದ್ದು ಆರಿಸ್ಕೊಂಡು ಮಲಗ್ತಾ ಅದು? ಈ ರೂಮಿಗೆ ನೀನು ಬಿಟ್ರೆ ಇನ್ಯಾರು ಬರ್ತಾರೆ?"

ಓಣಿಯ ಎರಡೂ ಬದಿಯ ಬಾಗಿಲುಗಳಿಂದ ತಲೆಗಳು ಇಣುಕಿದವು. ಸಣ್ಣಕ್ಕ ಇನ್ನೊಂದು ಸಲ "ಮುಟ್ಟಿಲ್ಲ ಮೇಡಂ" ಎಂದಳು. ಅಷ್ಟರಲ್ಲಿ ವಿಭಾಗದ ಸಾಹೇಬರು ಈಚೆ ಬಂದರು. ಬೆಳಗಿನಿಂದ ಅವರ ತಲೆ ಮೇಲೆ ಬೇರೆಯೇ ಭಾರ ಕೂತಿತ್ತು. ಊರಿನ ಒಂದು ಬೀದಿಯಲ್ಲಿ ಕೊಳವೆ ಒಡೆದು ನೀರು ಅಂಗಡಿಗಳಿಗೆ ನುಗ್ಗುತ್ತಿತ್ತು, ಪೈಪಿನ ಮೇಸ್ತ್ರಿ ರಸ್ತೆ ಅಗೆದು ವಾಲ್ವು ಸಿಗದೆ ನಕ್ಷೆಗಾಗಿ ಬಂದು ಕುಳಿತಿದ್ದ, ಮೇಲಿನವರು ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಬೈಯುವುದಕ್ಕೆ ಒಂದು ತಲೆ ಬೇಕಾಗಿತ್ತು, ಸಿಕ್ಕಿತು. ಅಲ್ಲೇ ನಿಂತು ಗುತ್ತಿಗೆದಾರನಿಗೆ ಫೋನ್ ಹಚ್ಚಿದರು. ಎರಡು ನಿಮಿಷದ ಮಾತು. ನಾಳೆಯಿಂದ ಬೇರೆಯವಳು ಬರುತ್ತಾಳೆ, ಇವಳು ಗುರುತಿನ ಚೀಟಿ ಈಗಲೇ ಕೊಟ್ಟು, ಸಂಜೆ ಐದಕ್ಕೆ ಬೀಗದ ಕೈ ಒಪ್ಪಿಸಿ ಹೋಗಬೇಕು.

ಸಣ್ಣಕ್ಕ ಅಳಲಿಲ್ಲ. ಕತ್ತಿನಲ್ಲಿದ್ದ ಚೀಟಿಯನ್ನು ಸಾಹೇಬರು ಅಲ್ಲೇ ತೆಗೆಸಿ ಜೇಬಿಗೆ ಹಾಕಿಕೊಂಡರು. ಅವಳು ಕೆಂಡಮ್ಮನ ಮುಖವನ್ನು ಒಮ್ಮೆ ನೋಡಿ, ಮೆಟ್ಟಿಲ ಕೆಳಗಿನ ತನ್ನ ಗೂಡಿಗೆ ಹೋಗಿ ಕೂತಳು. ಕೆಂಡಮ್ಮ ಅವಳು ಹೋದ ದಿಕ್ಕನ್ನೇ ನೋಡಿದಳು. ಕೆಲಸದಿಂದ ತೆಗೆಯಿರಿ ಎಂದು ತಾನು ಹೇಳಿರಲಿಲ್ಲವಲ್ಲ! ಆದರೆ ಕೋಪ ಇನ್ನೂ ಇಳಿದಿರಲಿಲ್ಲ, ಮೇಸ್ತ್ರಿ ಬೇರೆ ಬಾಗಿಲಲ್ಲಿ ನಿಂತು, "ಅಕ್ಕಾ, ಬೇಗ ನೋಡಿ ಅಕ್ಕಾ, ಅಲ್ಲಿ ಚಪ್ಪಲಿ ಅಂಗಡಿಯ ಚಪ್ಪಲಿಗಳೆಲ್ಲ ಗಿರಾಕಿಗಳನ್ನ ಹುಡುಕ್ಕೊಂಡು ತೇಲಿ ಹೊರಟಿವೆ" ಎನ್ನುತ್ತಿದ್ದ. "ನಿಮ್ಮ ಬಾಯಿಗೊಂದು ವಾಲ್ವು ಹಾಕ್ತೀನಿ ಮೊದಲು" ಎಂದು ಅವನಿಗೂ ಒಂದು ಕೊಟ್ಟು ಒಳಗೆ ಹೋದಳು.

ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆಯಲು ಮೇಸ್ತ್ರಿಯೂ ಕೈ ಹಾಕಬೇಕಾಯಿತು. ಮಂಡಿಯೂರಿ ಹಿಂದೆ ಟಾರ್ಚ್ ಬಿಟ್ಟಳು. ಕರೆಂಟಿನ ವೈರಿನ ಮೇಲೆ, ಪ್ಲಗ್ಗಿನ ಮೇಲೆ, ನೆಟ್‌ವರ್ಕ್ ವೈರು ಸಿಕ್ಕಿಸುವ ತೂತಿನ ಸುತ್ತ, ಎಲ್ಲ ಕಡೆ ಬೂದು ಬಣ್ಣದ ಧೂಳು. ವರ್ಷಗಟ್ಟಲೆ ಕೂತ, ಬೆರಳಿನ ಗುರುತೇ ಇಲ್ಲದ ಧೂಳು. ಸಿಕ್ಕಿಸಿದ ಕಡೆ ಒಂದು ಪುಟ್ಟ ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು. ಇಲ್ಲಿ ಯಾರೂ ಕೈ ಹಾಕಿರಲಿಲ್ಲ. ಕೈಯಿರಲಿ, ಒರೆಸುವ ಕೋಲಿನ ತುದಿಯೂ ಬಂದಿರಲಿಲ್ಲ.

ಎದ್ದು ಕಾವಲುಗಾರನಿಗೆ ಫೋನ್ ಮಾಡಿದಳು. "ನಿನ್ನೆ ಕರೆಂಟ್ ಏನಾದ್ರೂ ಹೋಗಿತ್ತಾ?"

"ಹೋಗೋದೇನು ಮೇಡಂ, ತೆಗೆದಿದ್ರು. ನಿನ್ನೆ ಬೆಳಿಗ್ಗೆ ಹತ್ತಕ್ಕೆ ತೆಗೆದವರು ಇವತ್ತು ಬೆಳಿಗ್ಗೆ ಒರೆಸೋರು ಬರೋ ಹೊತ್ತಿಗೆ ಕೊಟ್ರು. ಕೆಳಗೆ ದೊಡ್ಡ ಸ್ವಿಚ್ಚು ಬದಲಾಯಿಸಿದ್ರು. ಎಲ್ಲರಿಗೂ ಇ-ಮೇಲ್ ಕಳಿಸಿದ್ರಂತಲ್ಲ?"

ತಾತನಿಗೆ ಕೊಟ್ಟಿದ್ದ ಬ್ಯಾಟರಿ ಹೆಚ್ಚೆಂದರೆ ಒಂದು ಗಂಟೆ ತಡೆಯುತ್ತಿತ್ತು. ಕಂಪ್ಯೂಟರ್ ವಿಭಾಗದವರ ಇ-ಮೇಲ್ ತೆರೆದು ನೋಡುವುದನ್ನು ಕೆಂಡಮ್ಮ ಯಾವತ್ತೋ ಬಿಟ್ಟಿದ್ದಳು. ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂವರೆ.

ಸಣ್ಣಕ್ಕ ಮುಟ್ಟಿರಲಿಲ್ಲ. ಅದು ಅಲ್ಲಿಗೆ ಖಚಿತವಾಯಿತು. ಕೆಳಗೆ ಹೋಗಿ ಹೇಳಬೇಕು ಎಂದುಕೊಂಡಳು. ಮೂರು ಮಹಡಿ ಇಳಿಯಬೇಕು, ಅಷ್ಟೇ. ಆದರೆ ಹೋಗಿ ಹೇಳುವುದೇನು? ಪ್ಲಗ್ ಕಿತ್ತದ್ದು ನೀನಲ್ಲ, ಆದರೆ ಯಂತ್ರ ಯಾಕೆ ಕೆಟ್ಟಿದೆಯೋ ನನಗೂ ಗೊತ್ತಿಲ್ಲ ಎಂದೇ? ಆ ಓಣಿಯ ಅಷ್ಟೂ ಜನರೆದುರು ಬಾಯಿ ಮಾಡಿದವಳು, ಕೈಯಲ್ಲಿ ಉತ್ತರವಿಲ್ಲದೆ ತಲೆ ತಗ್ಗಿಸಿ ಹೋಗುವುದೇ? ಕರೆಂಟ್ ಬಂದ ಮೇಲೆ ಯಂತ್ರ ತಾನಾಗಿ ಏಳಬೇಕಿತ್ತು. ಯಾಕೆ ಏಳಲಿಲ್ಲ, ಅದು ಮೊದಲು ಸಿಗಲಿ. ಸಿಕ್ಕಿದ ಮೇಲೆ ಒಟ್ಟಿಗೆ ಹೇಳಿದರಾಯಿತು. ಐದು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ಹೀಗೆ ತನಗೆ ತಾನೇ ಹೇಳಿಕೊಂಡು ಕುರ್ಚಿ ಎಳೆದುಕೊಂಡಳು.

ಒಳಗಿರುವ ನೆಟ್‌ವರ್ಕ್ ಕಾರ್ಡೇ ಸತ್ತಿರಬೇಕು ಎನ್ನಿಸಿತು. ಅದರ ಜೋಡಿ ಒಂದು ಕೆಳಗಿನ ಉಗ್ರಾಣದಲ್ಲಿತ್ತು. ಉಗ್ರಾಣದವನು ಊಟಕ್ಕೆ ಹೋಗಿದ್ದ. ಅವನು ಬಂದು, ಹುಡುಕಿ, ಮೂರು ಕಡೆ ಸಹಿ ಹಾಕಿಸಿಕೊಂಡು ಕೊಡುವಷ್ಟರಲ್ಲಿ ಒಂದೂವರೆ. "ನನ್ನ ಸಹಿ ಇಪ್ಪತ್ತೊಂಬತ್ತು ವರ್ಷದಿಂದ ನೋಡ್ತಿದ್ದೀರ, ಇವತ್ತೇನು ಅದಕ್ಕೆ ಕೊಂಬು ಬಂದಿದೆಯಾ?" ಎಂದು ಅವನ ಮೇಲೂ ಹಾರಿದಳು. ಹಳೇ ಕಾರ್ಡು ತೆಗೆದು ಹೊಸದು ಹಾಕಿ ಯಂತ್ರ ಶುರು ಮಾಡಿದಳು. ಮತ್ತೆ ಅದೇ ಮಿಣಕ್ ಮಿಣಕ್. ಒಂದೊಂದು ಸಲ ಏಳಲೂ ಇಪ್ಪತ್ತು ನಿಮಿಷ. ವೈರು ಬದಲಾಯಿಸಿದಳು. ಇಪ್ಪತ್ತು ನಿಮಿಷ. ಪ್ಲಾಟರನ್ನು ಆರಿಸಿ ಹಚ್ಚಿದಳು. ಇಪ್ಪತ್ತು ನಿಮಿಷ. ಮೇಸ್ತ್ರಿ ಬೆಂಚಿನ ಮೇಲೆ ಕೂತು ಫೋನಿನಲ್ಲಿ ತನ್ನವರಿಗೆ, "ಎಡಗಡೆ ಅಗೀರಿ... ಇಲ್ಲ ಬಿಡಿ, ಬಲಗಡೆ ಅಗೀರಿ" ಎಂದು ಅಂದಾಜಿನ ಮೇಲೆ ರಸ್ತೆ ಹಾಳು ಮಾಡಿಸುತ್ತಿದ್ದ. ಕೆಂಡಮ್ಮ ಹಲ್ಲು ಕಡಿದು ಪೆಟ್ಟಿಗೆಗೆ ಒಂದು ಗುದ್ದಿದಳು. ಕೈ ನೋಯಿತು.

ಕೊನೆಗೆ ಮೂರು ಗಂಟೆಗೆ, ಬುದ್ಧಿ ಸ್ವಲ್ಪ ತಣ್ಣಗಾದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದಳು. ಪಿಂಗ್ ಎನ್ನುವ ಕಮಾಂಡೊಂದಿದೆ. ನೆಟ್‌ವರ್ಕಿನಲ್ಲಿ ಯಾರನ್ನಾದರೂ "ಇದ್ದೀಯಾ?" ಎಂದು ಕೂಗಿ ಕೇಳುವ ಕಮಾಂಡು. ಇದ್ದರೆ ಅದು "ಇದ್ದೀನಿ" ಎನ್ನುತ್ತದೆ. ಪ್ಲಾಟರನ್ನು ಅದರ ಅಂಕಿಯ ವಿಳಾಸದಿಂದ ಕೂಗಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಎಲಾ! ಹಾಗಾದರೆ ವೈರೂ ಚೆನ್ನಾಗಿದೆ, ಕಾರ್ಡೂ ಚೆನ್ನಾಗಿದೆ. ತಾತನನ್ನೇ ಅವನ ಅಂಕಿಯಿಂದ ಕೂಗಿದಳು. ಉತ್ತರ ಬಂತು. ಈಗ ಅಂಕಿ ಬಿಟ್ಟು ಹೆಸರಿನಿಂದ ಕೂಗಲು, ಈ ಯಂತ್ರದ ಹೆಸರೇನು ಎಂದು ಅದನ್ನೇ ಕೇಳಿದಳು. ಎಂ-ಮೂರು-ನಾಲ್ಕು-ಏಳು ಎಂದು ಪರದೆಯ ಮೇಲೆ ಬಂತು.

ಕೆಂಡಮ್ಮ ಕೀಲಿಮಣೆಯಿಂದ ಕೈ ತೆಗೆದಳು.

ನಾಲ್ಕು ತಿಂಗಳ ಹಿಂದೆ ಸಾಹೇಬರು ಒಂದು ಆದೇಶ ಹೊರಡಿಸಿದ್ದರು. ಕಚೇರಿಯ ಯಂತ್ರಗಳಿಗೆಲ್ಲ ಮಹಡಿ, ಕೋಣೆ, ಸಂಖ್ಯೆಯ ಪ್ರಕಾರ ಹೊಸ ಹೆಸರು ಇಡಬೇಕು, ಹೆಸರು ವಿಚಾರಿಸಲು ಎಲ್ಲ ಯಂತ್ರಗಳಿಗೂ ಕಂಪ್ಯೂಟರ್ ವಿಭಾಗದ ಸರ್ವರಿನ ವಿಳಾಸ ತುಂಬಬೇಕು. ಯಾವ ನೆಟ್‌ವರ್ಕಿಗೂ ಸೇರದ ಒಂಟಿ ಯಂತ್ರಕ್ಕೆ ಇದೆಲ್ಲ ಯಾಕೆ ಎಂದು ಅವಳು ಕೇಳಿದ್ದಳು. "ಎಲ್ಲ ಅಂದ್ರೆ ಎಲ್ಲ ಮೇಡಂ, ಆದೇಶ ಓದೋಕೆ ಬರಲ್ವಾ?" ಎಂದಿದ್ದರು ಸಾಹೇಬರು. ಅವತ್ತು ಮಧ್ಯಾಹ್ನ ಅವಳು ಕೀಲಿಮಣೆ ಒಡೆಯುವ ಹಾಗೆ ಕುಟ್ಟಿ, ಹೆಸರಿರುವ ಕಡತದಲ್ಲಿ ತಾತ ಎನ್ನುವುದನ್ನು ಅಳಿಸಿ ಹೊಸ ಹೆಸರು ತುಂಬಿದ್ದಳು. ಸರ್ವರಿನ ವಿಳಾಸವನ್ನೂ ತುಂಬಿದ್ದಳು. ಇನ್ನೊಂದು ಕಡತ ಬಾಕಿ ಇತ್ತು. ಯಾವ ಹೆಸರಿಗೆ ಯಾವ ಅಂಕಿ ಎಂದು ಜೋಡಿ ಬರೆದಿಡುವ ಪುಟ್ಟ ಪಟ್ಟಿ ಅದು. ಅಲ್ಲೂ ತಾತ ಅಳಿಸಿ ಹೊಸ ಹೆಸರು ಬರೆಯಬೇಕಿತ್ತು. ಅಷ್ಟರಲ್ಲಿ ಸಿಟ್ಟು ತಡೆಯಲಾರದೆ ಎದ್ದು, ಸಾಹೇಬರ ಕೋಣೆಗೆ ಹೋಗಿ ಮುಕ್ಕಾಲು ಗಂಟೆ ಜಗಳವಾಡಿ ಬಂದಿದ್ದಳು. ಬಂದವಳು ಆ ಪಟ್ಟಿಯನ್ನು ಮರೆತೇಬಿಟ್ಟಿದ್ದಳು.

ಈಗ ಆ ಪಟ್ಟಿ ತೆರೆದಳು. ತಾತ, ಪಕ್ಕದಲ್ಲಿ ಅಂಕಿ. ಹೊಸ ಹೆಸರಿನ ಸುಳಿವೇ ಇಲ್ಲ. ಓಡುತ್ತಿದ್ದ ಯಂತ್ರ ಹಳೇ ಹೆಸರನ್ನೇ ನೆನಪಿಟ್ಟುಕೊಂಡು ನಾಲ್ಕು ತಿಂಗಳು ತಣ್ಣಗೆ ಓಡಿತ್ತು. ಕರೆಂಟ್ ಹೋಗಿ ಹೊಸದಾಗಿ ಎದ್ದಾಗ ಹೊಸ ಹೆಸರು ಓದಿಕೊಂಡಿತು, ಪಟ್ಟಿಯಲ್ಲಿ ಹುಡುಕಿತು, ಸಿಗಲಿಲ್ಲ. ಹಾಗಾದರೆ ಸರ್ವರನ್ನು ಕೇಳೋಣವೆಂದು ಹೊರಟಿತು. ಆ ಸರ್ವರಿಗೆ ಹೋಗಲು ದಾರಿಯೇ ಇಲ್ಲ. ಪ್ರತಿಯೊಂದು ಹೆಜ್ಜೆಗೂ ಅದು ಬಾರದ ಉತ್ತರಕ್ಕೆ ನಿಮಿಷಗಟ್ಟಲೆ ಕಾಯುತ್ತ ಕೂತಿತ್ತು. ಹೆಸರಿರುವ ಕಡತದ ಪಕ್ಕದಲ್ಲಿ, ಅದನ್ನು ಕೊನೆಯದಾಗಿ ಬದಲಾಯಿಸಿದವರ ಗುರುತು ಇತ್ತು. ಅವಳದ್ದೇ. ತಾರೀಕು, ಗಂಟೆ, ನಿಮಿಷ ಸಮೇತ.

ಇಂಥ ಬದಲಾವಣೆ ಮಾಡಿದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ, ಹಚ್ಚಿ, ಸರಿಯಾಗಿ ಏಳುತ್ತದೆಯೇ ಎಂದು ನೋಡಬೇಕು. ಅವಳು ಓದಿದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ನೋಡಿದ್ದರೆ ಅವತ್ತೇ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಯಾಕೆ ನೋಡಲಿಲ್ಲ? ಆರಿಸಿದರೆ ರಟ್ಟಿನ ಮೇಲಿನ ಲೆಕ್ಕ ಸೊನ್ನೆಗೆ ಬರುತ್ತಿತ್ತು! ಆ ಹಾಳು ಲೆಕ್ಕಕ್ಕಾಗಿ! ಕೆಂಡಮ್ಮ ರಟ್ಟನ್ನು ಪರಪರ ಹರಿದು ಬುಟ್ಟಿಗೆ ಎಸೆದಳು. ಅಷ್ಟಕ್ಕೆ ಸಮಾಧಾನವಾಗದೆ ಬುಟ್ಟಿಗೂ ಒಂದು ಒದ್ದಳು. ಬಾಗಿಲಲ್ಲಿದ್ದ ಮೇಸ್ತ್ರಿ, "ಏನಾಯ್ತಕ್ಕ?" ಎಂದ. "ನನ್ನ ತಲೆ!" ಎಂದಳು. ಬೇರೆಯವರ ಮೇಲೆ ಎಷ್ಟು ಕೋಪ ಬಂದರೂ ಕೂಗಿಬಿಟ್ಟರೆ ಇಳಿಯುತ್ತಿತ್ತು. ಇದನ್ನು ಯಾರ ಮೇಲೆ ಕೂಗುವುದು?

ಪಟ್ಟಿಯಲ್ಲಿ ಒಂದು ಸಾಲು ಬರೆದಳು. ಹೊಸ ಹೆಸರು, ಅಂಕಿ. ದಾರಿಯಿಲ್ಲದ ಸರ್ವರಿನ ವಿಳಾಸ ಅಳಿಸಿದಳು. ಯಂತ್ರ ಆರಿಸಿ ಹಚ್ಚಿದಳು. ಒಂದೂವರೆ ನಿಮಿಷದಲ್ಲಿ ನಕ್ಷೆ ತೆರೆಯಿತು. ಪಕ್ಕದ ಕೋಣೆಯಲ್ಲಿ ಪ್ಲಾಟರ್ ಸರ್ ಸರ್ ಎಂದು ಆ ಬೀದಿಯ ಹಾಳೆ ಬರೆಯತೊಡಗಿತು. ಶಾಯಿ ಒಣಗುವ ಮೊದಲೇ ಮೇಸ್ತ್ರಿ ಅದನ್ನು ಸುತ್ತಿಕೊಂಡು, "ಬಲಗಡೆನೂ ಇಲ್ಲ, ಎಡಗಡೆನೂ ಇಲ್ಲ, ನಾವು ಮಣ್ಣು ಗುಡ್ಡೆ ಹಾಕಿದ್ದೀವಲ್ಲ ಅದರಡಿ ಇದೆ ವಾಲ್ವು!" ಎಂದು ಹಣೆ ಚಚ್ಚಿಕೊಂಡು ಮೆಟ್ಟಿಲಿಳಿದು ಓಡಿದ.

ನಾಲ್ಕಕ್ಕೆ ಕೆಂಡಮ್ಮ ಸಾಹೇಬರ ಕೋಣೆಗೆ ಹೋದಳು. ನಿಂತೇ ಹೇಳಿದಳು. "ತಪ್ಪು ಸಣ್ಣಕ್ಕಂದಲ್ಲ ಸಾರ್. ನಂದು. ಹೆಸರು ಬದಲಾಯಿಸುವಾಗ ಅರ್ಧ ಮಾಡಿ ಬಿಟ್ಟಿದ್ದೆ."

ಸಾಹೇಬರು ನಕ್ಕರು. ನಕ್ಷೆ ಮೇಸ್ತ್ರಿಯ ಕೈ ಸೇರಿತಲ್ಲ, ಅವರ ಎದೆ ಹಗುರವಾಗಿತ್ತು. "ಅಯ್ಯೋ, ಇಂಥದ್ದೆಲ್ಲ ಆಗ್ತಿರುತ್ತೆ ಬಿಡಿ ಮೇಡಂ. ಇಷ್ಟು ಹಳೇ ಯಂತ್ರ ನೀವಾಗಿ ನಡೆಸ್ತಿದ್ದೀರ. ತಾಂತ್ರಿಕ ದೋಷ ಅಂತ ಬರೆದುಬಿಡಿ. ಟೀ ತರಿಸ್ಲಾ?"

"ಸಣ್ಣಕ್ಕನ ಚೀಟಿ ಕೊಡಿ."

"ಅದು ಗುತ್ತಿಗೆದಾರನ ವಿಷಯ. ನಾಳೆ ಬೇರೆಯವಳು ಬರ್ತಾಳಂತೆ, ಒಪ್ಪಿಕೊಂಡಾಯ್ತು. ಈಗ ವಾಪಸ್ ಅಂದ್ರೆ ನಾವು ಸುಮ್ಮನೆ ತೆಗೆದುಹಾಕಿದ್ವಿ ಅಂತಾಗುತ್ತೆ."

"ಸುಮ್ಮನೆ ತಾನೇ ತೆಗೆದುಹಾಕಿದ್ದು?"

"ಮೇಡಂ, ನೀವೇ ಅಲ್ವಾ ಬೆಳಿಗ್ಗೆ ಕೂಗಾಡಿದ್ದು?"

ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಕೆಂಡಮ್ಮನಿಗೆ ಬಂದ ಕೋಪವಿದೆಯಲ್ಲ, ಅಂಥದ್ದು ಇಪ್ಪತ್ತೊಂಬತ್ತು ವರ್ಷದಲ್ಲಿ ಬಂದಿರಲಿಲ್ಲ. ವಿಚಿತ್ರವೆಂದರೆ ಈ ಸಲ ದನಿ ಏರಲಿಲ್ಲ. "ಹೌದು, ನಾನೇ. ಅದನ್ನೂ ಬರೀತೀನಿ. ಯಂತ್ರದ ಕೆಲಸದ ಪುಸ್ತಕ ಇದೆ, ವರ್ಷಕ್ಕೊಮ್ಮೆ ತಪಾಸಣೆಯವರು ಸಾಲು ಸಾಲಾಗಿ ಓದ್ತಾರೆ. ನಾನು ತಪ್ಪು ಮಾಡಿದೆ, ನಿರಪರಾಧಿ ಮೇಲೆ ಹಾಕಿದೆ ಅಂತ ಬರೀತೀನಿ. ಒಂಟಿ ಯಂತ್ರಕ್ಕೆ ಇದು ಬೇಡ ಅಂತ ಹೇಳಿದ್ರೂ ಹೆಸರು ಬದಲಾಯಿಸಿ ಅಂದ ಆದೇಶ ಯಾವುದು, ನಂಬರ್ ಎಷ್ಟು, ಸಹಿ ಯಾರದು, ಅದೂ ಅಲ್ಲೇ ಬರುತ್ತೆ. ನನಗೆ ಟೀ, ಅವಳಿಗೆ ಬೀದಿನಾ ಸಾರ್? ಯಾವ ನ್ಯಾಯ ಇದು? ಅವಳ ಚೀಟಿ ಕೊಡಿ, ಇಲ್ಲಾಂದ್ರೆ ನನ್ನದೂ ತಗೊಳ್ಳಿ" ಎಂದು ಕತ್ತಿನಿಂದ ತನ್ನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

ಸಾಹೇಬರು ಫೋನ್ ಎತ್ತಿಕೊಂಡರು. ಬೆಳಿಗ್ಗೆ ಎರಡು ನಿಮಿಷದಲ್ಲಿ ಮುಗಿದಿದ್ದ ಮಾತಿಗೆ ಈಗ ಇಪ್ಪತ್ತು ನಿಮಿಷ ಹಿಡಿಯಿತು. ಆದರೂ ಮುಗಿಯಿತು. ಚೀಟಿ ಜೇಬಿನಿಂದ ಹೊರಬಂತು. ಕೆಂಡಮ್ಮ ಪುಸ್ತಕದಲ್ಲಿ ಬರೆಯುವುದನ್ನು ಬರೆದೇ ಬರೆದಳು, ಆದೇಶದ ನಂಬರ್ ಸಮೇತ. ಸಾಹೇಬರು ಅದನ್ನು ಆಮೇಲೆ ನೋಡಿಕೊಂಡು ಉರಿದುಕೊಂಡದ್ದು ಬೇರೆ ಮಾತು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸಣ್ಣಕ್ಕ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಮನೆಗೆ ಒಯ್ಯುವ ಸೀರೆ, ಚಪ್ಪಲಿ, ಕನ್ನಡಿ ಒಂದು ಚೀಲದಲ್ಲಿ ಸೇರಿದ್ದವು. ಊಟದ ಡಬ್ಬಿ ಮುಚ್ಚಿದ ಹಾಗೇ ಪಕ್ಕದಲ್ಲಿತ್ತು. ಕೆಂಡಮ್ಮನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತಳು.

"ಕೂತ್ಕೋ ಸಣ್ಣಕ್ಕ. ತಗೋ ನಿನ್ನ ಚೀಟಿ. ನಾಳೆ ಎಂದಿನ ಹಾಗೇ ಬಾ. ಒಂದು ದಿನಾನೂ ಕಡಿತ ಆಗಲ್ಲ, ಬರೆಸ್ಕೊಂಡು ಬಂದಿದ್ದೀನಿ. ತಪ್ಪು ನಂದು. ನಾನೇ ಒಂದು ಕೆಲಸ ಅರ್ಧಕ್ಕೆ ಬಿಟ್ಟಿದ್ದೆ. ನಿನ್ನನ್ನ ಅಷ್ಟು ಜನರ ಮುಂದೆ ಅಂದುಬಿಟ್ಟೆ. ಹೊಟ್ಟೆಗೆ ಹಾಕ್ಕೋ."

ಸಣ್ಣಕ್ಕ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕತ್ತಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು. "ನಾನು ಕಿತ್ತಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಈಗ ತಾನೇ ಎನ್ನಬಹುದಿತ್ತು. ಯಾರು ಬಂದು ಸಾಕ್ಷಿ ಹೇಳುತ್ತಿದ್ದರು? ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಹನ್ನೊಂದೂವರೆಗೆ" ಎಂದಳು ಕೆಂಡಮ್ಮ. "ಬಗ್ಗಿ ನೋಡಿದೆ, ಪ್ಲಗ್ಗಿನ ಮೇಲಿನ ಧೂಳು ಹಾಗೇ ಇತ್ತು."

"ಹನ್ನೊಂದೂವರೆಗಾ?"

"ಯಾಕೆ ಕೆಟ್ಟಿದೆ ಅಂತ ಮೊದಲು ಹುಡುಕೋಣ, ಆಮೇಲೆ ಹೇಳೋಣ ಅಂತ..."

"ಹನ್ನೊಂದೂವರೆಯಿಂದ ಇಲ್ಲೇ ಕೂತಿದ್ದೀನಿ ನಾನು" ಎಂದಳು ಸಣ್ಣಕ್ಕ. ದನಿ ಎತ್ತರಿಸಲಿಲ್ಲ. "ಮನೇಲಿ ಏನು ಹೇಳ್ಲಿ ಅಂತ ಯೋಚಿಸ್ತಾ ಕೂತಿದ್ದೀನಿ. ನೀವು ಉಗ್ರಾಣಕ್ಕೆ ಅಂತ ಈ ಮೆಟ್ಟಿಲ ಮೇಲೇ ಎರಡು ಸಲ ಇಳಿದು ಹತ್ತಿದ್ರಲ್ಲ ಮೇಡಂ. ನಿಮ್ಮ ಕಾಲು ಕಾಣ್ತಿತ್ತು ನನಗೆ."

ಸಣ್ಣಕ್ಕ ಬೈದಿದ್ದರೆ ಕೆಂಡಮ್ಮ ಬೈಸಿಕೊಳ್ಳುತ್ತಿದ್ದಳು. ಅದಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ಸಣ್ಣಕ್ಕ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು, ಅದರಲ್ಲಿ ಒಂದನ್ನು ಬಿಡಿಸಿ, ಅವಳ ಕೈಗಿಟ್ಟಳು.

"ನಾಳೆ ಬರ್ತೀನಿ. ಮೂರೂ ಮಹಡಿ ಒರೆಸ್ತೀನಿ. ಆ ಒಂದು ರೂಮು ಮಾತ್ರ ನೀವೇ ಒರೆಸ್ಕೊಳ್ಳಿ ಮೇಡಂ. ಇನ್ನೊಂದು ಸಲ ಏನಾದ್ರೂ ಆದ್ರೆ, ಧೂಳು ಇರುತ್ತೋ ಇಲ್ವೋ, ನೀವು ಬಗ್ಗಿ ನೋಡ್ತೀರೋ ಇಲ್ವೋ. ನನಗೆ ಎಂಟು ತಿಂಗಳಿದೆ."

ಮರುದಿನ ಬೆಳಿಗ್ಗೆ ಎಂಟೂವರೆಗೆ ನಕ್ಷೆ ವಿಭಾಗದವರು ಕಂಡದ್ದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲ ಒರೆಸುತ್ತಿದ್ದ ಕೆಂಡಮ್ಮನನ್ನು. ಟಪಾಲಿನ ಗುಮಾಸ್ತ "ಏನ್ ಮೇಡಂ ಇದು?" ಎಂದು ಹಲ್ಲು ಕಿರಿದ. "ಕಣ್ಣು ಕಾಣಲ್ವಾ? ಒದ್ದೆ ನೆಲ ತುಳಿದ್ರೆ ಕಾಲು ಮುರೀತೀನಿ" ಎಂದಳು. ಆಮೇಲೆ ಯಾರೂ ಕೇಳಲಿಲ್ಲ. ದಿನಾ ಒರೆಸಿದಳು. ಮೊದಲ ವಾರ ನೀರು ಜಾಸ್ತಿ ಸುರಿದು ಎರಡು ಸಲ ಜಾರಿ ಬಿದ್ದಳು, ಗಂಡ ಬೆನ್ನಿಗೆ ಮುಲಾಮು ತಿಕ್ಕುತ್ತಾ ನಗು ತಡೆಯಲಾರದೆ ಬೈಸಿಕೊಂಡ. ಸಣ್ಣಕ್ಕ ಅದೇ ಹೊತ್ತಿಗೆ ಓಣಿಯಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದಳು. "ನಮಸ್ಕಾರ ಮೇಡಂ" ಎನ್ನುತ್ತಿದ್ದಳು, ನಿಲ್ಲುತ್ತಿರಲಿಲ್ಲ.

ಎಂಟು ತಿಂಗಳ ಮೇಲೆ ಕಾಯಂ ಆದ ಆದೇಶ ಬಂತು. ಸಣ್ಣಕ್ಕ ಆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ, ಒಂದೊಂದು ಕೋಣೆಗೂ ಹೋಗಿ, ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದಳು. ನಕ್ಷೆ ಕೋಣೆಗೂ ಬಂದಳು. ಹೊಸ್ತಿಲು ದಾಟದೆ ಹೊರಗೇ ನಿಂತು ಕಾಗದವನ್ನು ಕೈಯಲ್ಲಿ ಎತ್ತಿ ಹಿಡಿದಳು. ಕೆಂಡಮ್ಮ ಕನ್ನಡಕ ಹಾಕಿಕೊಂಡು, ಕುರ್ಚಿಯಿಂದ ಎದ್ದು ಬಾಗಿಲವರೆಗೆ ಬಂದು, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿದಳು.

"ಒಳಗೆ ಬಾ ಸಣ್ಣಕ್ಕ, ಕೂತ್ಕೋ" ಎಂದಳು.

"ಇಲ್ಲ ಮೇಡಂ, ಕೆಲಸ ಇದೆ" ಎಂದಳು ಸಣ್ಣಕ್ಕ. ಕಾಗದ ಮಡಿಸದೆ ಎದೆಗೆ ಒತ್ತಿ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದಳು.